ಮರುಕೂಗು ಬಾರದ ಮನೆ

ನಮ್ಮ ಅಂಗಳದಿಂದ ಕೆಳಮನೆಯ ಬಾಗಿಲಿಗೆ ಹೋಗಲು ಹೆಚ್ಚು ಹೊತ್ತು ಬೇಕಿಲ್ಲ. ಒಲೆಯ ಮೇಲೆ ಹಾಲಿಟ್ಟು ಹೋಗಿ, ಒಂದು ಮಾತು ಹೇಳಿ, ಉಕ್ಕುವ ಮೊದಲು ವಾಪಸು ಬರಬಹುದು. ನಡುವೆ ಒಂದು ಕಾಫಿ ಪಟ್ಟೆ, ಒಂದು ಬಾವಿ, ಬಾವಿಯಾಚೆ ಸಾಲು ಬಾಳೆ. ಅಷ್ಟೇ. ಆ ಮಧ್ಯಾಹ್ನ ಅವ್ವ ಆ ದಾರಿಯಲ್ಲಿ ಹೋದದ್ದನ್ನು ನಾನು ಮರದ ಮೇಲಿಂದ ನೋಡಿದೆ. ಅವಳಿಗೂ ಆ ಬಾಗಿಲಿಗೂ ನಡುವೆ ಆನೆ ಇತ್ತು.

ಈಗಲೂ ದಿನಕ್ಕೆ ಎಷ್ಟೋ ಸಲ ಆ ದಾರಿ ನನ್ನ ಕಣ್ಣ ಮುಂದೆ ಬಿಚ್ಚಿಕೊಳ್ಳುತ್ತದೆ. ಕೆಲವು ಸಲ ಅವ್ವ ಬಾಗಿಲು ಸೇರುತ್ತಾಳೆ. ಕೆಲವು ಸಲ ನನ್ನ ಮನಸ್ಸು ಅವಳನ್ನು ಸೇರಗೊಡುವುದಿಲ್ಲ. ಆಗ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಹೋಗಿ, ಅವಳು ಎಲ್ಲಿದ್ದಾಳೆಂದು ನೋಡಿ ಬರಬೇಕಾಗುತ್ತದೆ.

ಮರಕ್ಕಡವಿನಲ್ಲಿ ಕಬಿನಿ ಹೊಳೆಯೇ ಗಡಿ. ಈಚೆ ದಡ ಕೇರಳ, ಆಚೆ ದಡ ಕರ್ನಾಟಕ. ನಮ್ಮವರು ಆಚೆಯಿಂದ ಬಂದು ಈಚೆ ನೆಲೆಸಿದವರು. ಮನೆಯೊಳಗೆ ಕನ್ನಡ, ಶಾಲೆ ಮತ್ತು ಪಂಚಾಯಿತಿಯಲ್ಲಿ ಮಲಯಾಳ. ಅಪ್ಪ ವರ್ಷದ ಹೆಚ್ಚು ಕಾಲ ಆಚೆ ದಡದಲ್ಲೇ ಇರುತ್ತಾನೆ. ಗುತ್ತಿಗೆಗೆ ಹಿಡಿದ ಹೊಲದಲ್ಲಿ ಶುಂಠಿ ಹಾಕಿ, ಅಲ್ಲೇ ಶೆಡ್ಡಿನಲ್ಲಿ ಮಲಗಿ, ಎರಡು ವಾರಕ್ಕೋ ಮೂರು ವಾರಕ್ಕೋ ಬಟ್ಟೆ ಒಗೆಯಲು ತರುತ್ತಾನೆ. ಹಾಗಾಗಿ ಮನೆಯಲ್ಲಿ ಅವ್ವ ಮತ್ತು ನಾನು. ನಾನು ಬಿ.ಕಾಂ. ಮುಗಿಸಿ ಪುಲ್ಪಳ್ಳಿಯಲ್ಲಿ ಒಬ್ಬ ಮೆಣಸಿನ ವ್ಯಾಪಾರಿಯ ಬಳಿ ಲೆಕ್ಕ ಬರೆಯುವ ಕೆಲಸಕ್ಕೆ ಹೋಗುತ್ತಿದ್ದೆ.

ಕೆಳಮನೆಯೂ ನಮ್ಮದೇ. ಹೊಳೆ ನೋಡಲು ಬರುವವರಿಗೆ ಬಾಡಿಗೆಗೆ ಕೊಡಬಹುದೆಂದು ಅಪ್ಪ ಕಟ್ಟಿಸಿದ ಹಂಚಿನ ಮನೆ. ಹೊಳೆ ನೋಡಲು ಬಂದವರು ಹೊಳೆ ನೋಡಿ ಹೊರಟುಹೋದರು. ಎರಡು ಮಳೆಗಾಲ ಅದರಲ್ಲಿ ನಾವು ಶುಂಠಿ ಬೀಜ ಇಟ್ಟೆವು. ಮೂರನೆಯ ವರ್ಷ ಅವಳು ಬಂದಳು.

ಅವಳು ಸಿಂಗಪುರದವಳು. ಅಜ್ಜ ಕಣ್ಣೂರಿನ ಕಡೆಯಿಂದ ಹಡಗು ಹತ್ತಿ ಹೋದವರಂತೆ. ಅಜ್ಜನ ದೆಸೆಯಿಂದ ಈ ದೇಶದಲ್ಲಿ ಎಷ್ಟು ಕಾಲ ಬೇಕಾದರೂ ಇರಲು ಅವಳಿಗೆ ಅನುಮತಿ ಸಿಕ್ಕಿತ್ತು. ಮಲಯಾಳ ಮಾತ್ರ ಅಜ್ಜನ ಜೊತೆಯಲ್ಲೇ ಹೋಗಿತ್ತು. ಉಳಿದದ್ದು ಊಟ, ನೀರು, ಮಳೆ, ಸಾಕು ಎನ್ನುವಷ್ಟು. ಹಡಗುಗಳ ಸರಕಿನ ಲೆಕ್ಕ ಇಡುವ ಒಂದು ಕಂಪನಿಗೆ ಸಾಫ್ಟ್‌ವೇರ್ ಬರೆಯುವುದು ಅವಳ ಕೆಲಸ. ಸಿಂಗಪುರದ ಫ್ಲಾಟಿನಲ್ಲಿ ಮೇಲಿನವರು ಕುರ್ಚಿ ಎಳೆದರೆ ತನ್ನ ಹಲ್ಲಿನಲ್ಲಿ ಕೇಳುತ್ತಿತ್ತು ಎಂದು ನನಗೆ ಹೇಳಿದ್ದಳು. ವೈದ್ಯರ ಬಳಿ ಹೋಗಿದ್ದಳು, ಮಾತ್ರೆ ನುಂಗಿದ್ದಳು. ಕೊನೆಗೆ ಕೆಲಸವನ್ನು ಲ್ಯಾಪ್‌ಟಾಪಿನಲ್ಲಿ ಕಟ್ಟಿಕೊಂಡು, ದೇಶ ಬಿಟ್ಟು, ನಮ್ಮ ಕೆಳಮನೆಗೆ ಬಂದಿದ್ದಳು. ಬಂದ ದಿನ ಜಗಲಿಯಲ್ಲಿ ನಿಂತು ಕಣ್ಣು ಮುಚ್ಚಿ, “ಏನೂ ಕೇಳುವುದಿಲ್ಲ” ಎಂದು ಇಂಗ್ಲಿಷಿನಲ್ಲಿ ಅಂದಳು. ನಾನು ಅದನ್ನು ಅವ್ವನಿಗೆ ಹೇಳಿದೆ.

“ಕಿವಿ ಮಂದವೋ ಏನೋ ಪಾಪ,” ಎಂದಳು ಅವ್ವ.

ಅವಳಿಗೆ ಕೇಳದಿದ್ದದ್ದು ಅಂದು ಒಂದೇ ದಿನ. ಮರುದಿನದಿಂದ ಎಲ್ಲವೂ ಕೇಳತೊಡಗಿತು. ಹಂದಿ ಮತ್ತು ಮಂಗ ಬರದಿರಲೆಂದು ನಾವು ಕಾಫಿ ತೋಟದ ನಡುವೆ ಒಂದು ಮರಕ್ಕೆ ರೇಡಿಯೋ ಕಟ್ಟಿ, ಪ್ಲಾಸ್ಟಿಕ್ ಹೊದಿಸಿ, ಬೆಳಗಿನಿಂದ ಸಂಜೆಯವರೆಗೆ ಹಾಡಲು ಬಿಡುತ್ತೇವೆ. ಮೇಲಿನ ಮನೆಯವರು ತಂತಿಗೆ ಖಾಲಿ ಡಬ್ಬಗಳನ್ನು ಕಟ್ಟಿ ಆಗಾಗ ಎಳೆಯುತ್ತಾರೆ. ಇವೆಲ್ಲದರ ಮೇಲೆ ನಮ್ಮ ಕೂಗು.

ಕೂಗಿನ ವಿಷಯ ಹೇಳಬೇಕು. ಹೊಳೆಯ ದಡದಲ್ಲಿ ನಾಲ್ಕು ಮನೆಗಳು ಒಂದರ ಕೆಳಗೊಂದು ಇವೆ: ಮೇಲಿನ ಮನೆ, ನಮ್ಮದು, ಕೆಳಮನೆ, ಕೊನೆಯಲ್ಲಿ ತೊರೆ ಹೊಳೆಗೆ ಸೇರುವ ಕಡೆ ತೊರೆಮನೆ. ತೊರೆಮನೆಯವರು ಕಾಡಿನ ಮೂಲದ ಜನ. ಗಂಡ ಹೆಂಡತಿ ಇಬ್ಬರೂ ಕೂಲಿಗೆ ಹೋಗುತ್ತಾರೆ, ಎರಡು ಚಿಕ್ಕ ಹೆಣ್ಣುಮಕ್ಕಳು ಅಂಗಳದಲ್ಲಿ ಆಡಿಕೊಂಡಿರುತ್ತವೆ. ಯಾರ ಕಣ್ಣಿಗೆ ಆನೆ ಬಿದ್ದರೂ ಅವರು ಉದ್ದಕ್ಕೆ ‘ಕೂ’ ಎನ್ನಬೇಕು. ಪಕ್ಕದ ಮನೆಯವರು ಕೇಳಿತೆಂದು ತಿರುಗಿ ಕೂಗಬೇಕು, ಆಮೇಲೆ ಅದನ್ನು ಮುಂದಿನ ಮನೆಗೆ ದಾಟಿಸಬೇಕು. ದಾಟಿಸಿದ ಮನೆಯಿಂದ ಮರುಕೂಗು ಬಂದರೆ ನಿಮ್ಮ ಕೆಲಸ ಮುಗಿಯಿತು. ಬಾಗಿಲು ಹಾಕಿಕೊಂಡು ಒಳಗಿರಬಹುದು. ಬರದಿದ್ದರೆ ನೀವೇ ಹೋಗಿ ಹೇಳಬೇಕು. ಅರಣ್ಯ ಇಲಾಖೆಯವರು ಫೋನಿಗೆ ಸಂದೇಶ ಕಳಿಸುತ್ತಾರೆ, ನಿಜ. ನಮ್ಮ ದಡದಲ್ಲಿ ಫೋನು ಒಮ್ಮೆ ಆಚೆ ರಾಜ್ಯದ ಗೋಪುರ ಹಿಡಿಯುತ್ತದೆ, ಒಮ್ಮೆ ಯಾವುದನ್ನೂ ಹಿಡಿಯುವುದಿಲ್ಲ. ಕೂಗನ್ನು ಬಿಟ್ಟವರಿಲ್ಲ.

ಅವ್ವ ಇದನ್ನೆಲ್ಲ ಸಿಂಗಪುರದವಳಿಗೆ ಕೈಬಾಯಿ ಆಡಿಸಿ ಕಲಿಸಿದ್ದಳು. ಕೂಗಲು ಆಗದಿದ್ದರೆ ಬಡಿಯಲೆಂದು ಒಂದು ಸ್ಟೀಲ್ ತಟ್ಟೆ, ಒಂದು ಸೌಟು ಕೊಟ್ಟಿದ್ದಳು. ಅವಳಿಗೆ ಮೊದಲು ಅದು ಆಟದಂತೆ ಕಂಡಿತು. ಕೂಗು ಬಂದರೆ ಓಡಿ ಬಂದು ತಟ್ಟೆ ಬಡಿದು, ನಮ್ಮ ಕಡೆ ಕೈ ಬೀಸುತ್ತಿದ್ದಳು. ಆದರೆ ಕೂಗು ವಾರಕ್ಕೆ ಹಲವು ಸಲ ಬರುತ್ತದೆ. ಕೆಲವು ಸಲ ಆನೆ ಆಚೆ ದಡದಲ್ಲೇ ನೀರು ಕುಡಿದು ಹೋಗಿರುತ್ತದೆ. ತಿಂಗಳೆರಡು ಕಳೆಯುವಷ್ಟರಲ್ಲಿ ಅವಳು ಕಿವಿ ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನ್ ಹಾಕಿ ಕೆಲಸ ಮಾಡತೊಡಗಿದಳು. ಹೊರಗಿನ ಸದ್ದನ್ನು ತಾನಾಗಿ ಅಳಿಸಿಬಿಡುವ ಜಾತಿಯದು. ಒಮ್ಮೆ ನನ್ನ ತಲೆಗೂ ಹಾಕಿ ತೋರಿಸಿದಳು. ಹೊಳೆ ನಿಂತಿತು. ಜೀರುಂಡೆ ನಿಂತಿತು. ಅವಳ ಬಾಯಿ ಆಡುತ್ತಿತ್ತು, ಮಾತು ಇರಲಿಲ್ಲ. ನಾನು ಬೇಗ ತೆಗೆದುಕೊಟ್ಟೆ.

ಒಂದು ದಿನ ಅವಳು ಅವ್ವನ ಬಳಿ ಬಂದು ಕೈಮುಗಿದು, “ಅಮ್ಮೇ, ರೇಡಿಯೋ... ಮೀಟಿಂಗ್... ಕೊರಚ್ಚ್ ಸೈಲೆಂಟ್,” ಎಂದು ಬೇಡಿದಳು. ಕೊರಚ್ಚ್ ಎಂದರೆ ಸ್ವಲ್ಪ.

ಅವ್ವ ನಕ್ಕಳು. “ಸೈಲೆಂಟ್ ಆದ್ರೆ ಆನೆ ಬಂತೂಂತ ಅರ್ಥ ಮೋಳೇ. ಇಲ್ಲಿ ಸದ್ದು ಇದ್ರೇನೇ ನಿದ್ದೆ.” ಮೋಳೇ ಎಂದರೆ ಮಗಳೇ. ಆಮೇಲೆ ನನ್ನ ಕಡೆ ತಿರುಗಿ, “ಅವ್ಳಿಗೆ ಏಳು, ಮೀಟಿಂಗ್ ಇದ್ದಾಗ ಒಂದು ಮಾತು ಏಳ್ಲಿ, ನಿಲ್ಲುಸ್ತೀನಿ. ದೂರದಿಂದ ಬಂದದೆ ಪಾಪ, ತಲೆ ನೋವು ಮಾಡ್ಕೊಂಡು,” ಎಂದಳು.

ಹಾಗೆ ಮೀಟಿಂಗ್ ಇದ್ದ ಮಧ್ಯಾಹ್ನಗಳಲ್ಲಿ ನಮ್ಮ ತೋಟದ ರೇಡಿಯೋ ಬಾಯಿ ಮುಚ್ಚುವುದು ರೂಢಿಯಾಯಿತು.

ಆ ದಿನ ಜಿಲ್ಲೆಗೆಲ್ಲ ಹರತಾಳ. ಅದೂ ಕಾಡುಪ್ರಾಣಿಗಳ ಕಾಟದ ವಿಷಯಕ್ಕೇ. ಬಸ್ಸಿಲ್ಲ, ಅಂಗಡಿಯಿಲ್ಲ, ನನಗೆ ಕೆಲಸವಿಲ್ಲ. ಮೆಣಸು ಕೊಯ್ಯುವವರೂ ಬರಲಿಲ್ಲ. ಮೇಲಿನ ಬಳ್ಳಿಗಳಲ್ಲಿ ಕಾಳು ಕೆಂಪಾಗಿ ಉದುರತೊಡಗಿತ್ತು. ನಾನೇ ಹತ್ತಿದೆ. ನಮ್ಮ ಕಡೆ ಮೆಣಸು ಕೊಯ್ಯುವ ಏಣಿ ಎಂದರೆ ಒಂದೇ ಬಿದಿರು, ಗೆಣ್ಣಿನ ಬಳಿ ಕಾಲಿಡುವಷ್ಟು ಕೊಂಬೆ ಉಳಿಸಿ ಕಡಿದದ್ದು. ಅದನ್ನು ಸಿಲ್ವರ್ ಓಕ್ ಮರಕ್ಕೆ ಒರಗಿಸಿ, ಮೇಲಕ್ಕೆ ಹೋದ ಮೇಲೆ ತುದಿಯನ್ನು ಹಗ್ಗದಿಂದ ಮರಕ್ಕೆ ಕಟ್ಟಿಕೊಳ್ಳಬೇಕು. ಸೊಂಟಕ್ಕೆ ಚೀಲ. ಚೀಲದ ತಳದಲ್ಲಿ ಫೋನು, ಅದರ ಮೇಲೆ ಮೆಣಸು.

ಮರದ ಮೇಲಿಂದ ಎರಡು ಮನೆಯೂ ಕಾಣುತ್ತಿದ್ದವು. ಕೆಳಮನೆಯ ಕಿಟಕಿಯಲ್ಲಿ ಸಿಂಗಪುರದವಳ ಬೆನ್ನು, ತಲೆಯ ಮೇಲೆ ಆ ಕಪ್ಪು ಹೆಡ್‌ಫೋನ್. ಅಂದು ಅವಳ ದೊಡ್ಡ ಮೀಟಿಂಗು. ಅವ್ವ ರೇಡಿಯೋ ನಿಲ್ಲಿಸಿ, ಅಂಗಳದಲ್ಲಿ ಹರಡಿದ ಕಾಫಿಯನ್ನು ಹಲಗೆಯಿಂದ ಎಳೆಯುತ್ತಿದ್ದಳು. ಕಿತ್ತಳೆ ಬಣ್ಣದ ನೈಟಿ, ಹೆಗಲ ಮೇಲೆ ತೋರ್ತು ಟವೆಲ್ಲು.

ಮೇಲಿನ ಮನೆಯಿಂದ ಕೂಗು ಬಂತು. ಅವ್ವ ತಿರುಗಿ ಕೂಗಿದಳು. ಆಮೇಲೆ ನನ್ನ ಮರದ ಕಡೆ ಮುಖ ಮಾಡಿ, “ಇಳೀಬೇಡ ಕಣೇ, ಅಲ್ಲೇ ಇರು!” ಎಂದಳು. ಕೆಳಮನೆಯತ್ತ ತಿರುಗಿ ಕೂಗು ದಾಟಿಸಿದಳು.

ಮರುಕೂಗಿಲ್ಲ.

ಮತ್ತೊಮ್ಮೆ ಕೂಗಿದಳು. ತೋಟವಿಡೀ ತುಂಬುವ ಕೂಗು. ಕಿಟಕಿಯಲ್ಲಿ ಆ ಬೆನ್ನು ಅಲ್ಲಾಡಲಿಲ್ಲ. ಅವ್ವ ಹಲಗೆಯನ್ನು ಕಾಫಿಯ ಮೇಲೆಯೇ ಬಿಟ್ಟಳು. ಟವೆಲ್ಲನ್ನು ಸೊಂಟಕ್ಕೆ ಬಿಗಿದಳು. “ಅವ್ವಾ ಬೇಡ!” ಎಂದು ನಾನು ಕೂಗಿದೆ. ಅವಳು ತಲೆ ಎತ್ತಿಯೂ ನೋಡಲಿಲ್ಲ. ಕಾಫಿ ಗಿಡಗಳ ನಡುವೆ ಆ ಕಿತ್ತಳೆ ಬಣ್ಣ ಬೇಗ ಬೇಗ ಹೋಗುತ್ತಿತ್ತು.

ಆನೆ ಹೊಳೆಯ ಕಡೆಯಿಂದ ಬರುತ್ತದೆಂದು ಅವ್ವ ಎಣಿಸಿರಬೇಕು. ನಾನೂ ಹೊಳೆಯ ಕಡೆಗೇ ನೋಡುತ್ತಿದ್ದೆ. ಅದು ಆಗಲೇ ಬಾಳೆಯ ಸಾಲಿನೊಳಗೆ ನಿಂತಿತ್ತು. ಅಷ್ಟು ದೊಡ್ಡ ಮೈ ಅಷ್ಟು ಎಲೆಗಳ ನಡುವೆ ಒಂದು ಎಲೆಯನ್ನೂ ಅಲುಗಿಸದೆ ಬಂದು ನಿಂತದ್ದು ಹೇಗೆಂದು ನನಗೆ ಈಗಲೂ ತಿಳಿಯದು. ಮೊದಲು ಕಂಡದ್ದು ಕಿವಿ. ಆಮೇಲೆ ಒಂದೇ ಒಂದು ದಂತ.

ಅವ್ವ ಬಾವಿಯ ಹತ್ತಿರ ಬಂದಿದ್ದಳು. ಆಗ ಅದು ಒಂದು ಬಾಳೆ ಗಿಡವನ್ನು ಎಳೆಯಿತು. ಬುಡ ಸೀಳುವ ಸದ್ದು ನನಗೆ ಕೇಳಿಸಿತು, ಅವ್ವನಿಗೂ ಕೇಳಿಸಿತು. ಅವಳು ಬಾವಿಯ ಕಟ್ಟೆಯ ಹಿಂದೆ ಕುಕ್ಕರಗಾಲಲ್ಲಿ ಕುಳಿತುಬಿಟ್ಟಳು. ಹಿಂದಕ್ಕೆ ಬಂದರೆ ಬಯಲು ಅಂಗಳ. ಮುಂದಕ್ಕೆ ಹೋದರೆ ಆನೆ. ಕಟ್ಟೆ ಅವಳ ಎದೆಯಷ್ಟೂ ಎತ್ತರವಿಲ್ಲ.

ಕೂಗಲು ನಾನು ಬಾಯಿ ತೆರೆದೆ. ಮುಚ್ಚಿದೆ. ನಾನು ಕೂಗಿದರೆ ಅದು ನನ್ನ ಕಡೆ ತಿರುಗಿ ಬರುತ್ತದೆ. ಬರುವ ದಾರಿಯಲ್ಲೇ ಬಾವಿ. ಇಳಿಯಲು ಹೋದರೆ ಬಿದಿರು ಕಿರ್ರೆನ್ನುತ್ತದೆ. ನಾನು ಮರವನ್ನು ತಬ್ಬಿಕೊಂಡು, ಕೆನ್ನೆಯನ್ನು ಮೆಣಸಿನ ಬಳ್ಳಿಗೆ ಒತ್ತಿಕೊಂಡು ನಿಂತೆ. ಎಲ್ಲವೂ ಕಾಣುತ್ತಿತ್ತು. ಅದೇ ದೊಡ್ಡ ಶಿಕ್ಷೆ. ಕಟ್ಟೆಯ ಈಚೆ ಅವ್ವ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡದ್ದು ಕಾಣುತ್ತಿತ್ತು. ಆಚೆ ಆನೆ ಬಾಳೆದಿಂಡನ್ನು ಕಾಲಿಗೆ ಬಡಿದು ಮಣ್ಣು ಉದುರಿಸುವುದು ಕಾಣುತ್ತಿತ್ತು. ಕಿಟಕಿಯಲ್ಲಿ ಸಿಂಗಪುರದವಳು ಯಾವುದೋ ಮಾತಿಗೆ ತಲೆ ಹಿಂದಕ್ಕೆ ಹಾಕಿ ನಗುವುದೂ ಕಾಣುತ್ತಿತ್ತು.

ಫೋನಿನ ನೆನಪಾದದ್ದು ಆಗ. ಚೀಲದೊಳಗೆ ಕೈ ಹಾಕಿ, ಕಾಳು ಕೆಳಗೆ ಉದುರದಂತೆ ಮೆಲ್ಲಗೆ ತೆಗೆದೆ. ಸಿಂಗಪುರದವಳಿಗೆ ಕರೆ ಮಾಡಿದೆ. ಅವಳು ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಮೀಟಿಂಗಿನಲ್ಲಿ ಅವಳ ಫೋನು ಸದ್ದು ಮಾಡುವುದಿಲ್ಲ ಎಂದು ನನಗೆ ಗೊತ್ತಿದ್ದೂ ಮಾಡಿದೆ. ಆಮೇಲೆ ನನ್ನ ಬೆರಳು ಅವ್ವನ ಹೆಸರಿನ ಮೇಲೆ ಹೋಯಿತು. ಅವಳಿಗೆ ಧೈರ್ಯ ಹೇಳಬೇಕೆಂದೋ, ಅಲುಗಬೇಡ ಎನ್ನಬೇಕೆಂದೋ, ಏನೆಂದು ಈಗ ನೆನಪಿಲ್ಲ. ಒತ್ತುವ ಮೊದಲು ನೆನಪಾಯಿತು. ಅವ್ವನ ಫೋನು ನೈಟಿಯ ಜೇಬಿನಲ್ಲೇ ಇರುತ್ತದೆ. ಕಿವಿಗೆ ಚೆನ್ನಾಗಿ ಕೇಳಲೆಂದು ನಾನೇ ಅದಕ್ಕೆ ಗಂಟೆ ಜಾಗಟೆಯ ಮಂಗಳಾರತಿ ಹಾಕಿಕೊಟ್ಟಿದ್ದೆ. ಬೆರಳನ್ನು ಹಿಂದಕ್ಕೆ ಎಳೆದುಕೊಂಡೆ. ಆ ಬೆರಳು ಇಳಿದುಬಿಟ್ಟಿದ್ದರೆ ಎಂದು ಯೋಚಿಸುವುದು ಇನ್ನೂ ನಿಂತಿಲ್ಲ.

ಕೊನೆಗೆ ಸಂದೇಶ ಬರೆದೆ. ಮೆಣಸಿನ ಅಂಟಿಗೆ ಅಕ್ಷರಗಳು ಕೈಗೆ ಸಿಗಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ‘ಆನೆ’ ಎಂಬುದೊಂದೇ ಸರಿಯಾಗಿ ಬಂತು. ಕಳಿಸಿದೆ. ಹೋಗಲಿಲ್ಲ. ಗಡಿಯಾರದ ಗುರುತು ಹಾಗೇ ಇತ್ತು. ಫೋನನ್ನು ಕೈ ಚಾಚಿ ಮೇಲಕ್ಕೆ ಹಿಡಿದೆ. ಅಷ್ಟೆತ್ತರದ ಮರದ ಮೇಲೆ ನಿಂತು ಇನ್ನೂ ಮೇಲಕ್ಕೆ. ಅದು ಹೋಯಿತು.

ಆ ಸಂದೇಶ ಅವಳ ಲ್ಯಾಪ್‌ಟಾಪಿನ ಮೂಲೆಯಲ್ಲಿ, ಮೀಟಿಂಗಿನ ಮುಖಗಳ ಮೇಲೆ ಮೂಡಿತಂತೆ. ಅವಳು ಓದಿದಳು. ತಿರುಗಿದಳು. ಕಿಟಕಿಯಿಂದಾಚೆ ಆನೆಯ ಬೆನ್ನು, ಅದರಾಚೆ ಬಾವಿಕಟ್ಟೆಯ ಪಕ್ಕದಲ್ಲಿ ಕಿತ್ತಳೆ ಬಟ್ಟೆಯ ತುದಿ. ಆನೆ ಬಾಳೆ ಬಿಟ್ಟು ಸೊಂಡಿಲನ್ನು ಬಾವಿಯ ಕಡೆ ಎತ್ತಿ ಮೂಸತೊಡಗಿತ್ತು. ಒಂದು ಹೆಜ್ಜೆ ಇಟ್ಟಿತು. ಇನ್ನೊಂದು ಇಟ್ಟಿತು.

ಅವಳು ತಟ್ಟೆ ಬಡಿಯುತ್ತಾಳೆ ಎಂದುಕೊಂಡೆ. ತಟ್ಟೆ ಅಡುಗೆಮನೆಯಲ್ಲಿತ್ತು. ಅವಳು ಹೆಡ್‌ಫೋನ್ ಕಿತ್ತು ಬಿಸಾಡಿ, ಲ್ಯಾಪ್‌ಟಾಪನ್ನು ಎತ್ತಿ ಕಿಟಕಿಯ ಕಟ್ಟೆಯ ಮೇಲೆ ಹೊರಮುಖವಾಗಿ ಇಟ್ಟಳು. ಸದ್ದನ್ನು ಪೂರ್ತಿ ಏರಿಸಿದಳು. ನಮ್ಮ ತೋಟದಲ್ಲಿ, ಆ ಮೌನದಲ್ಲಿ, ಸಿಂಗಪುರದ ಒಬ್ಬ ಗಂಡಸಿನ ದನಿ ಎದ್ದಿತು. ಎರಡನೇ ಬಂದರುಕಟ್ಟೆಯ ಹಡಗುಗಳ ಪಟ್ಟಿ ತಡವಾಗುತ್ತಿದೆ, ಮುಂದಿನ ವಾರಕ್ಕೆ ಹಾಕೋಣವೇ ಎಂದು ಅವನು ಇಂಗ್ಲಿಷಿನಲ್ಲಿ ಕೇಳುತ್ತಿದ್ದ. ಒಬ್ಬ ಹೆಂಗಸು ಬೇಡ ಎಂದಳು. ಇನ್ನೊಬ್ಬ ಕೆಮ್ಮಿದ. ದೊಡ್ಡ ಸದ್ದೇನಲ್ಲ. ಆದರೆ ಮನುಷ್ಯರ ಸದ್ದು, ಆನೆಯ ಬೆನ್ನ ಹಿಂದೆ, ಅದು ಎಣಿಸದ ಕಡೆಯಿಂದ.

ಆನೆ ನಿಂತಿತು. ಕಿವಿ ಅಗಲಿಸಿತು. ಸುತ್ತ ತಿರುಗಿತು.

“ಓಡು” ಎಂದು ನಾನು ಹೇಳಿದೆನೋ ಇಲ್ಲವೋ. ಅವ್ವ ಎದ್ದಳು. ವಯಸ್ಸಾದ ಮಂಡಿ, ಎದ್ದೇಳುವಾಗ ಒಮ್ಮೆ ಕಟ್ಟೆ ಹಿಡಿದುಕೊಂಡಳು. ಆಮೇಲೆ ಬಾಳೆ ಸಾಲಿನ ಹೊರಗಿನಿಂದ ಬಳಸಿ, ಕೆಳಮನೆಯ ಹಿಂಬದಿಗೆ ಓಡಿದಳು. ಚಪ್ಪಲಿ ಒಂದು ದಾರಿಯಲ್ಲೇ ಬಿತ್ತು. ಗೋಡೆಯ ಮೂಲೆಯಲ್ಲಿ ಕಿತ್ತಳೆ ಬಣ್ಣ ಮರೆಯಾಯಿತು.

ಹಿಂಬಾಗಿಲು ನನ್ನ ಮರಕ್ಕೆ ಕಾಣುವುದಿಲ್ಲ. ಆ ಬಾಗಿಲು ಹಗಲಿನಲ್ಲೂ ಒಳಗಿನಿಂದ ಚಿಲಕ ಹಾಕಿರುತ್ತದೆ ಎಂಬುದು ಮಾತ್ರ ನನಗೆ ಗೊತ್ತಿತ್ತು.

ಆನೆ ಕಿಟಕಿಗೆ ಹೋಯಿತು. ಅದು ಸಿಟ್ಟಿನಿಂದ ನುಗ್ಗಲಿಲ್ಲ. ನುಗ್ಗಿದ್ದರೆ ಅಷ್ಟು ಹೆದರುತ್ತಿರಲಿಲ್ಲವೇನೋ. ಹಣೆಯನ್ನು ಕಿಟಕಿಗೆ ಇಟ್ಟು, ಯಾರೋ ಬಾಗಿಲು ಬಿಗಿಯಾಗಿದೆಯೇ ಎಂದು ನೋಡುವವರ ಹಾಗೆ, ಮೆಲ್ಲಗೆ ಒತ್ತಿತು. ಸರಳುಗಳ ಸಮೇತ ಚೌಕಟ್ಟು ಒಳಗೆ ಬಿತ್ತು. ಹಂಚು ಜಾರಿ ಒಂದರ ಮೇಲೊಂದು ಬಿದ್ದು ಒಡೆದವು. ಲ್ಯಾಪ್‌ಟಾಪು ಹೊರಗೆ ಮಣ್ಣಿಗೆ ಬಿತ್ತು. ಬಿದ್ದ ಮೇಲೂ ಮಾತಾಡುತ್ತಿತ್ತು. “ನಿನ್ನ ದನಿ ಕಡಿದು ಕಡಿದು ಬರುತ್ತಿದೆ, ಕೇಳಿಸುತ್ತಿದೆಯಾ, ಹಲೋ” ಎಂದು ಆ ಹೆಂಗಸು ಕೇಳುತ್ತಲೇ ಇದ್ದಳು. ಆನೆ ಅದನ್ನು ಸೊಂಡಿಲಿನಿಂದ ಮುಟ್ಟಿತು, ಕಾಲಿನಿಂದ ಸ್ವಲ್ಪ ಆಚೆ ಸರಿಸಿತು, ತುಳಿಯಲಿಲ್ಲ. “ಹಲೋ” ಎಂದಿತು ಮಣ್ಣು. ಆಮೇಲೆ ಅದೂ ನಿಂತಿತು.

ಅನಂತರದ ಹೊತ್ತನ್ನು ನಾನು ಅಳೆಯಲಾರೆ. ಬಿಸಿಲು ಮರದ ಇನ್ನೊಂದು ಬದಿಗೆ ಹೋಯಿತು. ನನ್ನ ಪಾದ ಜೋಮು ಹಿಡಿದು ಬಿದಿರಿನ ಗೆಣ್ಣು ಎಲ್ಲಿ, ಕಾಲು ಎಲ್ಲಿ ತಿಳಿಯದಾಯಿತು. ಆನೆ ಎರಡು ಮನೆಗಳ ನಡುವೆ ತನ್ನದೇ ಜಾಗವೆಂಬಂತೆ ನಿಂತು ಬಾಳೆ ಮುಗಿಸಿತು. ಅವ್ವ ಒಳಗೆ ಸೇರಿದಳೋ ಹಿಂಬದಿಯ ಗೋಡೆಗೆ ಒರಗಿ ಹೊರಗೇ ನಿಂತಿದ್ದಾಳೋ ಗೊತ್ತಿಲ್ಲ. ಕರೆ ಮಾಡುವಂತಿಲ್ಲ. ಸಿಂಗಪುರದವಳಿಗೆ ಬರೆದ ಯಾವ ಸಂದೇಶವೂ ಈಗ ಹೋಗಲಿಲ್ಲ. ನಾನು ಆ ಒಂದು ಚಪ್ಪಲಿಯನ್ನೇ ನೋಡುತ್ತಿದ್ದೆ. ನೀಲಿ ಪಟ್ಟಿಯ ಹವಾಯಿ ಚಪ್ಪಲಿ, ಅಂಗಾತ ಬಿದ್ದಿತ್ತು.

ಆಗ ಕೆಳಮನೆಯ ಒಳಗೆಲ್ಲಿಂದಲೋ ಕೂಗು ಬಂತು. ಡಬ್ಬದೊಳಗೆ ಬಾಯಿಟ್ಟು ಕೂಗಿದ ಹಾಗೆ. ‘ಕೂ’. ನಮ್ಮ ಕಡೆಗಲ್ಲ, ತೊರೆಯ ಕಡೆಗೆ. ಅವ್ವ ಬಚ್ಚಲುಮನೆಯ ಗಾಳಿಕಿಂಡಿಗೆ ಬಾಯಿ ಕೊಟ್ಟು, ದಾಟಿಸಬೇಕಾಗಿದ್ದ ಕೂಗನ್ನು ತೊರೆಮನೆಗೆ ದಾಟಿಸುತ್ತಿದ್ದಳು. ತೊರೆಮನೆಯಿಂದ ಹೆಂಗಸಿನ ಮರುಕೂಗು ಬಂತು. ಹಿಂದೆಯೇ ಎರಡು ಎಳೆ ದನಿಗಳೂ.

ನಾನು ಮರದ ಮೇಲೆ ಜೋರಾಗಿ ಅತ್ತೆ. ಆನೆ ಒಮ್ಮೆ ಕಿವಿ ಬೀಸಿ ಸುಮ್ಮನಾಯಿತು.

ಅರಣ್ಯ ಇಲಾಖೆಯ ಜೀಪು ಹರತಾಳದ ಕಲ್ಲುಗಳನ್ನು ದಾಟಿ ಬರುವಾಗ ಬಿಸಿಲು ಇಳಿಯುತ್ತಿತ್ತು. ಪಟಾಕಿ ಹೊಡೆದರು. ಆನೆ ಅವಸರವಿಲ್ಲದೆ ಹೊಳೆಗೆ ಇಳಿದು ಆಚೆ ರಾಜ್ಯಕ್ಕೆ ಹೋಯಿತು. ಹಗ್ಗ ಬಿಚ್ಚಲು ನನ್ನ ಬೆರಳು ಬಗ್ಗಲಿಲ್ಲ. ಜೀಪಿನಲ್ಲಿ ಬಂದಿದ್ದ ಒಬ್ಬ ವಾಚರು ಹತ್ತಿ ನನ್ನನ್ನು ಇಳಿಸಿದರು. ಓಡಿ ಹೋಗಿ ನೋಡಿದರೆ ಅವ್ವ ಕೆಳಮನೆಯ ಅಡುಗೆಮನೆಯಲ್ಲಿ ಕಪ್ಪು ಟೀ ಕಾಯಿಸುತ್ತಿದ್ದಳು. ಸಿಂಗಪುರದವಳು ನೆಲದ ಮೇಲೆ ಕುಳಿತು ಅವ್ವನ ನೈಟಿಯ ಅಂಚನ್ನು ಹಿಡಿದುಕೊಂಡಿದ್ದಳು.

“ಬುಡ್ತಾನೇ ಇಲ್ಲ ನೋಡು,” ಎಂದಳು ಅವ್ವ. “ಬಚ್ಚಲಾಗೂ ಇಂಗೇ. ಕೂಗಕ್ಕೆ ಉಸ್ರು ಎಳ್ಕೊಂಡ್ರೆ ಬಾಯಿ ಮುಚ್ಚಕ್ಕೆ ಬತ್ತದೆ! ಪೇಡಿ, ಪೇಡಿ ಅಂತದೆ. ನಂಗೇನು ಪೇಡಿ ಇಲ್ವಾ?” ಪೇಡಿ ಎಂದರೆ ಭಯ. ಅವ್ವ ಲೋಟ ಎತ್ತುವಾಗ ಟೀ ಚೆಲ್ಲಿತು. ಅದನ್ನು ಅವಳು ಕಾಲಿನಿಂದ ಒರೆಸಿದಳು. ಒಂದು ಕಾಲು ಬರಿಗಾಲು.

“ಬಾಗಿಲು ಯಾರು ತೆಗೆದದ್ದು?” ಎಂದೆ.

“ಇವ್ಳೇ. ನಾನು ತಟ್ಟಾಕೆ ಮುಂಚೇನೇ ತಗ್ದು ನಿಂತವ್ಳೆ. ಒಳಕ್ಕೆ ಎಳ್ದ ಎಳ್ತಕ್ಕೆ ರಟ್ಟೆ ಕಿತ್ತೋಗದು.”

ಮೇಲಿನ ಮನೆಯವರು ಬಂದು, ರೇಡಿಯೋ ನಿಲ್ಲಿಸಿದ್ದಕ್ಕೇ ಹೀಗಾಯಿತು ಎಂದರು. ಆನೆಗೆ ಹಾಡು ಯಾವ ಲೆಕ್ಕ ಎಂದಳು ಅವ್ವ. ಅವರವರಲ್ಲೇ ವಾದ ನಡೆಯಿತು. ಸಿಂಗಪುರದವಳಿಗೆ ಅರ್ಥವಾಗಲಿಲ್ಲ, ನಾನೂ ಹೇಳಲಿಲ್ಲ.

ಆ ವಾರವೇ ನನಗೂ ಅವ್ವನಿಗೂ ಜಗಳವಾಯಿತು. ಇನ್ನು ಮುಂದೆ ಮರುಕೂಗು ಬರದಿದ್ದರೆ ಹೋಗಕೂಡದು, ನನ್ನ ತಲೆ ಮುಟ್ಟಿ ಹೇಳು ಎಂದೆ.

“ಅಂಗೆ ಏಳಕ್ಕಾಯ್ತದಾ?”

“ನೀನು ಸತ್ತರೆ?”

“ನಾನು ಓಗ್ದೆ ಅವ್ಳು ಸತ್ತಿದ್ರೆ? ತೊರೆಮನೆ ಮಕ್ಳು ಸತ್ತಿದ್ರೆ? ಆಮೇಲೆ ಅವ್ರ ಮುಂದೆ ಮೆಣಸು ಕುಯ್ಯಕ್ಕೆ ಬನ್ನಿ ಅಂತ ಯಾವ ಬಾಯಲ್ಲಿ ಕರೀಲಿ?”

“ನನ್ನ ಮುಖ ನೋಡಿ ಹೇಳು.”

“ನಿನ್ ಮೊಕ ನೋಡ್ಕೊಂಡೇ ಇಪ್ಪತ್ತೈದು ವರ್ಸ ಆಯ್ತು, ಏನು ಒಸದಾಗಿ ನೋಡದು,” ಎಂದು ಅವ್ವ ಎದ್ದು ಹೋಗಿ ಕಾಫಿ ಎಳೆಯತೊಡಗಿದಳು. ತಲೆ ಮುಟ್ಟಲಿಲ್ಲ.

ಸಿಂಗಪುರದವಳು ಕಿಟಕಿ ಸರಿಹೋಗುವವರೆಗೆ ನಮ್ಮ ಮನೆಯಲ್ಲೇ ಮಲಗಿದಳು. ಹೆಡ್‌ಫೋನನ್ನು ಮುಟ್ಟಲಿಲ್ಲ. ಎಲೆ ಬಿದ್ದರೂ ಎದ್ದು ಕೂರುತ್ತಿದ್ದಳು. ರೇಡಿಯೋ ನಿಂತರೆ ಅವಳೇ ಓಡಿ ಬಂದು ಬ್ಯಾಟರಿ ಹಾಕಿ ಎನ್ನುತ್ತಿದ್ದಳು. ವಾಪಸು ಸಿಂಗಪುರಕ್ಕೆ ಹೋಗುತ್ತೀಯಾ ಎಂದು ಕೇಳಿದೆ. ಫ್ಲಾಟು ಬಿಟ್ಟು ಬಂದಿದ್ದೇನೆ, ಅಲ್ಲಿ ಹೋಗಿ ಯಾರ ಕುರ್ಚಿಯ ಕೆಳಗೆ ಮಲಗಲಿ ಎಂದಳು. ಕೊನೆಗೆ ಅವ್ವನ ತಮ್ಮ ಒಂದು ಜಾಗ ಹುಡುಕಿದರು. ಅವರಿಗೆ ಕಾಟ್ಟಿಕುಳಂ ಜಂಕ್ಷನ್ನಿನಲ್ಲಿ ಸೈಕಲ್ ರಿಪೇರಿ ಅಂಗಡಿ. ಅದರ ಮೇಲೊಂದು ಕೋಣೆ. ಕೆಳಗೆ ಬಾವಲಿ ಕಡೆಯ ಬಸ್ಸುಗಳು ನಿಂತು ಹಾರ್ನ್ ಹೊಡೆಯುತ್ತವೆ, ಎದುರಿಗೆ ಲಾಟರಿಯವನ ಮೈಕು. ಅವಳು ಹೋಗಿ ನೋಡಿ, ಅಂದೇ ಒಪ್ಪಿ ಬಂದಳು. ಅಲ್ಲಿ ಮಧ್ಯಾಹ್ನವೂ ನಿದ್ದೆ ಬರುತ್ತದಂತೆ. ಕಂಪನಿಯವರು ಇಲ್ಲಿಂದಲೇ ಕೆಲಸ ಮಾಡಲು ಒಪ್ಪಿದ್ದಾರೆ. ಆ ಮೀಟಿಂಗಿನಲ್ಲಿ ನಡೆದದ್ದನ್ನು ಅವರು ಇನ್ನೂ ತಮಾಷೆಯಾಗಿ ಹೇಳುತ್ತಾರಂತೆ. ಅವಳಿಗೆ ತಮಾಷೆ ಅನ್ನಿಸುವುದಿಲ್ಲ.

ಹೊರಡುವ ದಿನ ಅವ್ವ ಅವಳ ಕೈಗೆ ಒಂದು ಡಬ್ಬ ಕಾಫಿ ಪುಡಿ ಕೊಟ್ಟು, ಮುಖ ಕೊಡದೆ ಒಳಗೆ ಹೋದಳು. “ಇರೂಂತ ಏಳಕ್ಕೆ ನಾನ್ಯಾರು,” ಎಂದು ಒಲೆಗೆ ಹೇಳುತ್ತಿದ್ದುದು ನನಗೆ ಕೇಳಿಸಿತು.

ನನಗೆ ಮಾತ್ರ ಹಗುರವಾಯಿತು. ಕೆಳಮನೆ ಖಾಲಿ. ಅಲ್ಲಿ ಯಾರೂ ಇಲ್ಲದ ಮೇಲೆ ಅವ್ವ ಯಾರಿಗಾಗಿ ಹೋಗಬೇಕು? ಅಷ್ಟು ದೂರ ನಾನು ಯೋಚಿಸಿದ್ದೆ, ಅದರಾಚೆಗೆ ಯೋಚಿಸಿರಲಿಲ್ಲ.

ಅವಳು ಹೋದ ಕೆಲವೇ ದಿನಕ್ಕೆ, ನಾನು ಕೆಲಸದಿಂದ ಬೇಗ ಬಂದ ಒಂದು ಸಂಜೆ, ಮೇಲಿನ ಮನೆಯಿಂದ ಕೂಗು ಬಂತು. ಅವ್ವ ಮರುಕೂಗು ಕೊಟ್ಟಳು. ಆಮೇಲೆ ಟವೆಲ್ಲು ಬಿಗಿದು ಅಂಗಳಕ್ಕೆ ಇಳಿದಳು. ನಾನು ಅವಳ ರಟ್ಟೆ ಹಿಡಿದೆ. “ಎಲ್ಲಿಗೆ?”

“ಇಲ್ಲಿಂದ ಕೂಗಿದ್ರೆ ತೊರೆಮನೆಗೆ ಕೇಳದಾ? ನಡುವೆ ಕೆಳಮನೆ ಮೂಕ ಆಗೋಯ್ತಲ್ಲ. ಬಾವಿತಾವ ಓಗಿ ಕೂಗ್ಬೇಕು. ಬುಡು.”

“ಇಷ್ಟು ದಿನವೂ ಹೋಗ್ತಿದ್ದೆಯಾ? ನಾನು ಇಲ್ಲದಾಗ?”

“ಮತ್ತೆ?” ಎಂದಳು, ನಾನು ದಡ್ಡಿಯೆಂಬಂತೆ.

ಆ ಸಂಜೆ ನಾನು ಅವ್ವನ ಕೈ ಬಿಡದೆ ಅವಳ ಜೊತೆ ಬಾವಿಯವರೆಗೆ ಹೋದೆ. ಇಬ್ಬರೂ ಕೂಗಿದೆವು. ಆನೆ ಆಚೆ ದಡದಲ್ಲಿತ್ತು. ಮರುದಿನದಿಂದ ಬಾಡಿಗೆಗೆ ಬೇರೆಯವರನ್ನು ಹುಡುಕಿದೆವು. ಆ ಕಿಟಕಿ ಇದ್ದ ಜಾಗದಲ್ಲಿ ಹೊಸ ಇಟ್ಟಿಗೆ ನೋಡಿ, ಏನಾಯಿತೆಂದು ಕೇಳಿ, ಬಂದವರು ಬಂದ ದಾರಿಯಲ್ಲೇ ಹೋದರು.

ಈಗ ಕೆಳಮನೆಯಲ್ಲಿ ನಾನಿದ್ದೇನೆ. ಹಗಲೆಲ್ಲ ಇಲ್ಲೇ. ಪುಲ್ಪಳ್ಳಿಯ ವ್ಯಾಪಾರಿ ಒಳ್ಳೆಯವರು, ಕೆಲಸವನ್ನು ಮನೆಯಿಂದಲೇ ಮಾಡಲು ಬಿಟ್ಟಿದ್ದಾರೆ. 

ಪೇಟೆಗೆ ಹೋಗದೆ ಬಹಳ ದಿನಗಳಾದವು. ಸಿಂಗಪುರದವಳು ಆಗಾಗ ಫೋನ್ ಮಾಡುತ್ತಾಳೆ. ಹಿಂದೆ ಬಸ್ಸುಗಳು ಅರಚುತ್ತಿರುತ್ತವೆ. “ಚೇಚೀ, ನೀನೂ ಬಾ, ಇಲ್ಲಿ ಇನ್ನೊಂದು ಕೋಣೆ ಇದೆ” ಎನ್ನುತ್ತಾಳೆ. ಚೇಚಿ ಎಂದರೆ ಅಕ್ಕ. ಅವ್ವನನ್ನು ಕರೆದುಕೊಂಡು ಬಾ ಎಂದೂ ಹೇಳುತ್ತಾಳೆ. ಅವ್ವನಿಗೆ ಹೇಳಿದರೆ, “ನಾನು ಬಂದ್ರೆ ನಮ್ಮನೇನೂ ಮೂಕ ಆಯ್ತದೆ,” ಎನ್ನುತ್ತಾಳೆ. ತೊರೆಮನೆಯ ಮಕ್ಕಳು ಅಂಗಳದಲ್ಲಿ ಆಡುವುದು ನನ್ನ ಹಿಂಬಾಗಿಲಿನಿಂದ ಕಾಣುತ್ತದೆ. ಆ ಕಡೆ ನೋಡಿದ ಮೇಲೆ ನಾನೂ ಅವ್ವನನ್ನು ಒತ್ತಾಯಿಸುವುದಿಲ್ಲ.

ಅವ್ವ ಈಗ ಆನೆ ಇಲ್ಲದಾಗಲೂ ಕೂಗುತ್ತಾಳೆ. ಉಂಡೆಯಾ ಎಂದು ಕೇಳಲು, ಮಳೆ ಬರುವ ಹಾಗಿದೆ ಬಟ್ಟೆ ತೆಗೆ ಎನ್ನಲು. ಎಲ್ಲದಕ್ಕೂ ಒಂದೇ ಕೂಗು. ನಾನು ಕೂಡಲೇ ತಿರುಗಿ ಕೂಗಬೇಕು. ಸ್ವಲ್ಪ ತಡವಾದರೆ ಮೇಲೆ ನಮ್ಮ ಮನೆಯ ಬಾಗಿಲಿನ ಚಿಲಕ ತೆಗೆಯುವ ಸದ್ದು ಕೇಳುತ್ತದೆ, ಅವ್ವ ಹೊರಟಿರುತ್ತಾಳೆ. ಅದಕ್ಕೇ ನಾನು ಮಿಕ್ಸಿ ಹಾಕುವುದಿಲ್ಲ, ಚಟ್ನಿಯನ್ನು ಕಲ್ಲಿನಲ್ಲಿ ಅರೆಯುತ್ತೇನೆ. ಸ್ನಾನಕ್ಕೆ ಹೋದರೆ ಬಚ್ಚಲಿನ ಗಾಳಿಕಿಂಡಿ ತೆರೆದಿಟ್ಟು, ನಲ್ಲಿಯನ್ನು ದಾರದಷ್ಟು ಸಣ್ಣಗೆ ಬಿಡುತ್ತೇನೆ. ಬಕೆಟ್ಟು ತುಂಬುವುದು ಬಹಳ ತಡ. ನಿಂತು ಕಾಯುತ್ತೇನೆ.